ನಿನ್ನ ಕೊಬ್ಬರಿ ವಿಮಾನ ಹತ್ತುವುದಿಲ್ಲ

ಪ್ರೀತಿಯ ಗೆಳೆಯಾ,

ಕೆಟ್ಟ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ಹೋದ ವಾರ ತಿಪಟೂರಿಗೆ ಬಂದಾಗ ನೀನು ಕಟ್ಟಿಕೊಟ್ಟ ಎರಡು ಕೆಜಿ ಕೊಬ್ಬರಿ ನನ್ನ ಜೊತೆ ಫಿನ್‌ಲ್ಯಾಂಡಿಗೆ ಬರುತ್ತಿಲ್ಲ. ಒಳ್ಳೊಳ್ಳೆ ಗಿಟುಕು ಆರಿಸಿ, ಪೇಪರಿನಲ್ಲಿ ಸುತ್ತಿ, "ಅಲ್ಲಿ ನಮ್ಮೋರು ಯಾರಾದ್ರೂ ಸಿಕ್ಕರೆ ಕೊಡು" ಅಂತ ಕೊಟ್ಟಿದ್ದೆ. ಬೈಯಬೇಡ ಮಾರಾಯ. ಒಣ ಕೊಬ್ಬರಿಯನ್ನು ವಿಮಾನದ ಲಗೇಜಿಗೆ ಹಾಕುವ ಹಾಗಿಲ್ಲವಂತೆ. ಬೆಂಕಿ ಹೊತ್ತಿಕೊಳ್ಳುವ ಸಾಮಾನುಗಳ ಪಟ್ಟಿಯಲ್ಲಿ ಅದೂ ಇದೆ. ಎಣ್ಣೆ ಅಂಶ ಜಾಸ್ತಿ, ಒತ್ತಾಗಿ ತುಂಬಿಟ್ಟರೆ ಒಳಗೇ ಬಿಸಿ ಏರುತ್ತದೆ. ಇದನ್ನು ನಿನಗೆ ನಾನು ಹೇಳಿಕೊಡಬೇಕಾ? ನಿನ್ನ ಕೊಬ್ಬರಿ ಮಂಡಿಯ ಬಾಗಿಲಲ್ಲಿ ಬೀಡಿ ಹಚ್ಚಿದವನನ್ನು ನೀನು ರಸ್ತೆಯವರೆಗೂ ಅಟ್ಟಿಸಿಕೊಂಡು ಹೋಗಿದ್ದು ನನಗಿನ್ನೂ ನೆನಪಿದೆ.

ತಮಾಷೆ ಕೇಳು. ಹಸಿ ತೆಂಗಿನಕಾಯಿಗೆ ಯುರೋಪಿನಲ್ಲಿ ಅಡ್ಡಿಯೇ ಇಲ್ಲ! ಅಲ್ಲಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಣ್ಣು, ತರಕಾರಿ, ಸೊಪ್ಪು ಒಯ್ಯಬೇಕಾದರೆ 2019ರ ಡಿಸೆಂಬರಿನಿಂದ ಗಿಡದ ರೋಗ ಇಲ್ಲ ಅನ್ನುವ ಸರ್ಕಾರಿ ಸರ್ಟಿಫಿಕೇಟ್ ಬೇಕು. ಒಂದು ಎಸಳು ಕರಿಬೇವಿಗೂ ಬೇಕು. ವಿನಾಯಿತಿ ಇರುವುದು ಬರೀ ಐದಕ್ಕೆ: ಅನಾನಸ್, ಬಾಳೆಹಣ್ಣು, ಖರ್ಜೂರ, ಡುರಿಯನ್ ಮತ್ತು ನಮ್ಮ ತೆಂಗಿನಕಾಯಿ. ಅದೇ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ನೀರು ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವ ಹೊತ್ತಿಗೆ ಅಪರಾಧಿ ಆಗಿಬಿಡುತ್ತದೆ.

ಶನಿವಾರ ರಾತ್ರಿ ವಿಮಾನ. ಫ್ರಾಂಕ್‌ಫರ್ಟಿನಲ್ಲಿ ಇಳಿದು ಇನ್ನೊಂದು ಹತ್ತಬೇಕು. ಪಾಸ್‌ಪೋರ್ಟ್ ತಪಾಸಣೆಯೆಲ್ಲ ಅಲ್ಲೇ ಮುಗಿದುಹೋಗುತ್ತದಂತೆ, ಹೆಲ್ಸಿಂಕಿಯಲ್ಲಿ ಸುಮ್ನೆ ಪೆಟ್ಟಿಗೆ ತೆಗೆದುಕೊಂಡು ಹೊರಗೆ ನಡೆಯುವುದು. ಅಲ್ಲಿಂದ ಪಕ್ಕದ ಎಸ್ಪೋ ಊರಿಗೆ. ಆರು ವಾರ ಅಲ್ಲಿನ ಲ್ಯಾಬಿನಲ್ಲಿ ನಮ್ಮ ಟೀಮು ಬರೆದ ಸಾಫ್ಟ್‌ವೇರನ್ನು ನಿಜವಾದ ಯಂತ್ರದ ಮೇಲೆ ಓಡಿಸಿ ನೋಡುವ ಕೆಲಸ. ವೀಸಾ ಕತೆ ಹೇಳಿ ನಿನ್ನ ತಲೆ ತಿನ್ನುವುದಿಲ್ಲ. ಷೆಂಗೆನ್ ವೀಸಾದಲ್ಲಿ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾದಲ್ಲಿ, 180 ದಿನಕ್ಕೆ 90 ದಿನ ಇರಬಹುದು, 30,000 ಯೂರೋಗೆ ಕಮ್ಮಿಯಿಲ್ಲದ ಇನ್ಶೂರೆನ್ಸ್ ಬೇಕು. ಸ್ಟುಡಿಯೋದವನು ತೆಗೆದ ಫೋಟೋ ಅಳತೆಗೆ ಹೊಂದದೆ ಎರಡು ಸಲ ಓಡಾಡಿದೆ, ಅಷ್ಟೇ.

ತಲೆ ಕೆಡಿಸಿದ್ದು ಬಟ್ಟೆ. ನಾನು ಅಂದುಕೊಂಡಿದ್ದು ಸುಲಭ: ಇರುವುದರಲ್ಲಿ ದಪ್ಪನೆಯ ಜಾಕೆಟ್ ಒಂದು ತಗೋ, ಹಾಕ್ಕೋ, ಮುಗೀತು. ಆಫೀಸಿನ ಗೆಳೆಯನೊಬ್ಬನಿಂದ ಹಾಸಿಗೆಯಂಥದೊಂದು ಎರವಲು ತಂದೂ ಆಗಿತ್ತು. ಎರಡು ಚಳಿಗಾಲ ಅಲ್ಲಿ ಕಳೆದುಬಂದ ಹಿರಿಯರೊಬ್ಬರು ಅದನ್ನು ನೋಡಿ ನಕ್ಕರು. ಹೊರಗೆ ಮೈನಸ್ ಹದಿನೈದು ಇರಬಹುದು, ಆದರೆ ಬಸ್ಸು, ಮೆಟ್ರೋ ಒಳಗೆ ಬೆಚ್ಚಗೆ, ಆಫೀಸು, ಮನೆಯೊಳಗೆ 20, 21 ಡಿಗ್ರಿ. ನಮ್ಮ ಜನವರಿಯ ಹೊತ್ತೇರಿದ ಬೆಳಗಿನ ಹಾಗೆ. ದಪ್ಪನೆಯದು ಒಂದೇ ಇದ್ದರೆ ಒಳಗೆ ಬೆವರು, ಹೊರಗೆ ಬಂದ ಕೂಡಲೇ ಆ ಬೆವರೇ ಮಂಜುಗಡ್ಡೆ. ಅದಕ್ಕೇ ಈರುಳ್ಳಿ ಸಿಪ್ಪೆ ಥರ ಪದರ ಪದರ ಹಾಕಬೇಕಂತೆ. ಮೈಗೆ ಅಂಟಿಕೊಳ್ಳುವ ಥರ್ಮಲ್, ಅದರ ಮೇಲೆ ಉಣ್ಣೆಯದು, ಮೇಲೊಂದು ಗಾಳಿ ತಡೆಯುವ ಜಾಕೆಟ್. ಒಳಗೆ ಹತ್ತಿ ಬನಿಯನ್ ಮಾತ್ರ ಬೇಡ ಅಂದರು. ಹತ್ತಿ ನೀರು ಹೀರಿದರೆ ಬೇಗ ಒಣಗುವುದಿಲ್ಲ, ಮೈ ತಣ್ಣಗೆ ಮಾಡಿ ಕೂರಿಸುತ್ತದೆ. ಹುಟ್ಟಿದಾಗಿನಿಂದ ಹತ್ತಿ ಬನಿಯನ್ನೇ ಮೈಗೆ ಒಳ್ಳೆಯದು ಅಂತ ಕೇಳಿಕೊಂಡು ಬಂದವನಿಗೆ ಇದನ್ನು ನಂಬಲು ಎರಡು ದಿನ ಬೇಕಾಯಿತು.

ಉಣ್ಣೆಗಾಗಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳಿಗೇ ಹೋದೆ. ಪ್ರತಿ ಚಳಿಗಾಲ ಬಂದು ಸಾಲಾಗಿ ಹಾಕುತ್ತಾರಲ್ಲ, ಅಲ್ಲಿಗೆ. ಅಂಗಡಿಯ ಅಜ್ಜಿ ಸೊಗಸಾದ ಕನ್ನಡದಲ್ಲಿ "ಎಲ್ಲಿಗೆ?" ಅಂದರು. ಹೇಳಿದೆ. ಹೊರಗೆ ತೂಗುಹಾಕಿದ್ದನ್ನೆಲ್ಲ ಬಿಟ್ಟು ಕೆಳಗಿನ ಮೂಟೆ ಬಿಚ್ಚಿ ಒಂದು ಬೂದು ಬಣ್ಣದ್ದು ತೆಗೆದರು. ಚೌಕಾಸಿ ಮಾಡಲಿಲ್ಲ. ಚಳಿ ಅಂದರೇನು ಅಂತ ಗೊತ್ತಿರುವವರ ಹತ್ತಿರ ಏನು ಚೌಕಾಸಿ?

ಬೂಟು ಅರ್ಧ ಸೈಜು ದೊಡ್ಡದೇ ತಗೊಂಡಿದ್ದೇನೆ. ದಪ್ಪ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು, ಬಿಗಿಯಾದರೆ ರಕ್ತ ಓಡದೆ ಇನ್ನೂ ತಣ್ಣಗಾಗುತ್ತದೆ. ಹೊಸ ಬೂಟು ಕಚ್ಚಬಾರದು ಅಂತ ನಾಲ್ಕು ದಿನದಿಂದ ಸಂಜೆ ತಾರಸಿ ಮೇಲೆ ಅದನ್ನು ಹಾಕಿಕೊಂಡು ಓಡಾಡುತ್ತಿದ್ದೇನೆ, ಲುಂಗಿಯಲ್ಲೇ. ಎದುರುಮನೆಯ ಹುಡುಗ ಅವರಮ್ಮನನ್ನು ಕರೆದು ತೋರಿಸಿದ.

ಇನ್ನೊಂದು ಚೂರು ಸಾಮಾನು ಇದೆ, ಬಿಸ್ಕತ್ತಿನಷ್ಟು ಅಗಲ. ಬೆಳಕು ಬಿದ್ದರೆ ಹೊಳೆಯುವ ಬಿಲ್ಲೆ. ಕತ್ತಲಲ್ಲಿ ನಡೆದು ಹೋಗುವವರು ಅದನ್ನು ಜಾಕೆಟ್ಟಿಗೆ ನೇತುಹಾಕಿಕೊಳ್ಳಬೇಕು ಅಂತ ಅಲ್ಲಿ ಕಾನೂನೇ ಇದೆ. ಯಾಕೆ ಅನ್ನುವುದು ಸೂರ್ಯನ ಟೈಮು ನೋಡಿದ ಮೇಲೆ ಗೊತ್ತಾಯಿತು. ಜನವರಿ ಮೊದಲ ಭಾಗದಲ್ಲಿ ಅವನು ಅಲ್ಲಿ ಹುಟ್ಟುವುದು ಒಂಬತ್ತೂಕಾಲರ ಸುಮಾರಿಗೆ, ಮುಳುಗುವುದು ಮೂರೂವರೆಗೆ. ಹೆಲ್ಸಿಂಕಿ ಇರುವುದು 60ನೇ ಅಕ್ಷಾಂಶದಲ್ಲಿ, ನಮ್ಮ ತಿಪಟೂರು 13ರಲ್ಲಿ. ಆಫೀಸಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ನಿಜ ಹೇಳಲಾ? ಚಳಿಗಿಂತ ನನಗೆ ಅಳುಕು ಇದರದೇ. ಚಳಿಗಾದರೆ ಅಜ್ಜಿಯ ಸ್ವೆಟರ್ ಇದೆ.

ಈಗ ಅಡುಗೆಮನೆ ವಿಷಯ. ಅಮ್ಮ ಊರಿಂದ ಬಂದಿದ್ದಾಳೆ, ಪೆಟ್ಟಿಗೆ ತುಂಬುವ ಉಸ್ತುವಾರಿ ಅವಳದ್ದೇ. ಪೆಟ್ಟಿಗೆಗೆ 23 ಕೆಜಿ, ಕೈಚೀಲಕ್ಕೆ 8 ಕೆಜಿ ಮಿತಿ ಅಂದರೆ, "ಆರು ವಾರಕ್ಕೆ 23 ಕೆಜಿ ಯಾವ ಮೂಲೆಗೆ?" ಅನ್ನುತ್ತಾಳೆ. ನಿನ್ನ ಮಂಡಿಯ ತಕ್ಕಡಿ ಇಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಸದ್ಯಕ್ಕೆ ಕೊಕ್ಕೆಗೆ ಸಿಕ್ಕಿಸಿ ಎತ್ತುವ ತಕ್ಕಡಿಯಲ್ಲಿ ದಿನಕ್ಕೆ ಮೂರು ಸಲ ತೂಗುತ್ತಿದ್ದೇವೆ.

ತುಪ್ಪದ ಡಬ್ಬಿ ಮೊದಲು ಹೊರಗೆ ಬಂತು. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಅಲ್ಲಿಗೆ ಒಯ್ಯುವ ಹಾಗಿಲ್ಲ. ಆಮೇಲೆ ಅವಳ ಹಳೇ ಕುಕ್ಕರ್. ಅಲ್ಲಿನ ರೂಮಿನಲ್ಲಿರುವುದು ಇಂಡಕ್ಷನ್ ಒಲೆ, ಬರೀ ಅಲ್ಯೂಮಿನಿಯಂ ಪಾತ್ರೆ ಅದರ ಮೇಲೆ ಕಾಯುವುದೇ ಇಲ್ಲ. ಅಯಸ್ಕಾಂತ ಇಟ್ಟು ತೋರಿಸಿದೆ. ಅಂಟಲಿಲ್ಲ. "ಮೂವತ್ತು ವರ್ಷ ಬೇಯಿಸಿದೀನಿ ಇದರಲ್ಲಿ" ಅಂತ ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪಾಪ ಅನ್ನಿಸಿತು. ಕೊನೆಗೆ ಎರಡು ಲೀಟರಿನ ಸ್ಟೀಲ್ ಕುಕ್ಕರ್ ತಂದು ಅದರೊಳಗೆ ತೊಗರಿಬೇಳೆ ತುಂಬಿದಳು, ಜಾಗ ಹಾಳಾಗಬಾರದಲ್ಲ. ಅಕ್ಕಿ ಬೇಡ ಅಂದೆ. ಹೆಲ್ಸಿಂಕಿಯ ಹಕನಿಯೆಮಿ ಕಡೆ ಏಷ್ಯಾದವರ ದಿನಸಿ ಅಂಗಡಿಗಳಿವೆ, ಅಲ್ಲಿ ಸಿಗುತ್ತದೆ. ಸಾರಿನ ಪುಡಿ ಎಲ್ಲಿ ಸಿಗುತ್ತದೆ ಹೇಳು? ಅದಕ್ಕೆ ಒಂದು ಕೆಜಿ ಕೊಟ್ಟಿದ್ದೇನೆ, ಮೂರು ಕವರಿನೊಳಗೆ. ಎರಡು ಕವರು ಹಾಕಿದ್ದಾಗ ಸ್ವೆಟರೆಲ್ಲ ಘಂ ಅಂದಿತ್ತು. ಪವರ್ ಬ್ಯಾಂಕ್ ಕೈಚೀಲದಲ್ಲಿ, ಉಪ್ಪಿನಕಾಯಿ ಪೆಟ್ಟಿಗೆಯಲ್ಲಿ. ಇದು ಅದಲುಬದಲಾದರೆ ಎರಡೂ ಹೋಗುತ್ತವೆ ಅಂತ ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದೇನೆ.

ನಮ್ಮ ದಪ್ಪ ಮೂರು ಪಿನ್ನು ಅಲ್ಲಿನ ಗೋಡೆಗೆ ಹೋಗುವುದಿಲ್ಲ, ಅದಕ್ಕೊಂದು ಅಡಾಪ್ಟರ್. ಕರೆಂಟು ಮಾತ್ರ ನಮ್ಮದೇ, 230 ವೋಲ್ಟು. ಮಂಕಿ ಕ್ಯಾಪ್ ಬೇಡವೇ ಬೇಡ ಅಂದಿದ್ದೆ. ಜಾಕೆಟ್ಟಿನ ಜೇಬಿನಲ್ಲಿ ಸಿಕ್ಕಿತು. ಅಲ್ಲೇ ಬಿಟ್ಟಿದ್ದೇನೆ. ಯಾರು ನೋಡುತ್ತಾರೆ ಆ ಕತ್ತಲಲ್ಲಿ?

ಜಗಳ ಆಗಿದ್ದು ಮಾತ್ರ ಎಳ್ಳಿನ ವಿಷಯಕ್ಕೆ. ಸಂಕ್ರಾಂತಿಗೆ ನಾಲ್ಕೈದು ದಿನ ಮುಂಚೆ ಹೋಗುತ್ತಿದ್ದೇನೆ ಅಂತ ಅವಳು ಈಗಲೇ ಎಳ್ಳು-ಬೆಲ್ಲ ಮಾಡಲು ಕೂತಳು. ಬೆಲ್ಲ ಹೆಚ್ಚಿ, ಕಡಲೆಬೀಜದ ಸಿಪ್ಪೆ ತೆಗೆದು, ನಿನ್ನ ಗಿಟುಕು ಎತ್ತಿಕೊಂಡು ಈಳಿಗೆ ಮಣೆ ಮುಂದೆ ಕೂತಾಗ ನಾನು ಬಾಯಿ ತೆಗೆದೆ. ಕೊಬ್ಬರಿ ಬೇಡ ಅಂದೆ. ಅವಳು ಈಳಿಗೆ ಮಡಚಿಟ್ಟಳು. "ತಿಪಟೂರಿನವರ ಮನೇಲಿ ಕೊಬ್ಬರಿ ಇಲ್ದಿರೋ ಎಳ್ಳಾ? ಯಾರಾದ್ರೂ ಕೇಳಿದರೆ ನಗ್ತಾರೆ." ಇಷ್ಟು ಚೂರಿಗೆ ಯಾರೂ ಏನೂ ಅನ್ನಲ್ಲ ಅಂತ ಅವಳ ವಾದ. ಇರಬಹುದು. ಆದರೆ ಮೊದಲ ಸಲ ಹೊರದೇಶಕ್ಕೆ ಹೋಗುವವನಿಗೆ ಏರ್‌ಪೋರ್ಟಿನಲ್ಲಿ ಆ ವಾದ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಅರ್ಧ ದಿನ ಮಾತಾಡಲಿಲ್ಲ. ರಾತ್ರಿ ನೋಡಿದರೆ ಒಂದು ಸಣ್ಣ ಡಬ್ಬಿಯಲ್ಲಿ ಎಳ್ಳು, ಬೆಲ್ಲ, ಹುರಿಗಡಲೆ, ಕಡಲೆಬೀಜ ಅಷ್ಟೇ ಹಾಕಿ ಪೆಟ್ಟಿಗೆಯ ಮೂಲೆಗೆ ಇಟ್ಟಿದ್ದಳು. ಪಕ್ಕದಲ್ಲಿ ಬೂದು ಸ್ವೆಟರಿನೊಳಗೆ ಏನೋ ಉಂಡೆಯ ಹಾಗೆ ಕಂಡಿತು. ಬಿಚ್ಚಿದರೆ ಜುಟ್ಟು ಸಮೇತ ಒಂದು ತೆಂಗಿನಕಾಯಿ. 600 ಗ್ರಾಂ. "ಇದಕ್ಕೆ ಪರ್ಮಿಶನ್ ಇದೆ ಅಂದ್ಯಲ್ಲ" ಅಂದಳು. ಒಂದು ಜೊತೆ ಪ್ಯಾಂಟು ತೆಗೆದು ಅದಕ್ಕೆ ಜಾಗ ಮಾಡಿದೆ.

ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಹಬ್ಬದ ದಿನ ನೀನು ಹನ್ನೊಂದೂವರೆಗೆ ಫೋನ್ ಮಾಡಿದರೆ ನನಗಿನ್ನೂ ಬೆಳಗಾಗದ ಎಂಟು ಗಂಟೆ. ಆದರೂ ಮಾಡು, ಎದ್ದಿರುತ್ತೇನೆ. ಅಮ್ಮ ಭಾನುವಾರ ಊರಿಗೆ ವಾಪಸ್ ಬರುತ್ತಾಳೆ, ಗಿಟುಕೆಲ್ಲ ಅವಳ ಚೀಲದಲ್ಲಿದೆ. ಹಬ್ಬಕ್ಕೆ ನಿಮ್ಮ ಮನೆಗೆ ಎಳ್ಳು ಬೀರಲು ಬಂದಾಗ ನೋಡು, ಅದರಲ್ಲಿರುವ ಕೊಬ್ಬರಿ ನಿನ್ನದೇ.

ಇಂತಿ ನಿನ್ನ ಗೆಳೆಯ