ಐದು ವರ್ಷದ ಬೂಸ್ಟರ್ ಯಾಕೆ ಮರೆತು ಹೋಗುತ್ತೆ

ಸಂಪಾದಕರಿಗೆ ನಮಸ್ಕಾರ,

ಯುಕೆಜಿ, ಒಂದನೇ ಕ್ಲಾಸಿಗೆ ಮಕ್ಕಳನ್ನ ಸೇರಿಸೋ ಟೈಮಲ್ಲಿ ಯೂನಿಫಾರ್ಮು, ಬ್ಯಾಗು, ಫೀಸು ಎಲ್ಲಾ ನೆನಪಿರುತ್ತೆ, ಅದೇ ವಯಸ್ಸಿಗೆ ಹಾಕಿಸಬೇಕಾದ ಡಿಪಿಟಿ (ಗಂಟಲಮಾರಿ ಅಂದ್ರೆ ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು ತಡೆಯೋ ಲಸಿಕೆ) ಎರಡನೇ ಬೂಸ್ಟರ್ ಮಾತ್ರ ಎಷ್ಟೋ ಮನೇಲಿ ಯಾರಿಗೂ ನೆನಪಾಗಲ್ಲ. ಒಂದೂವರೆ ವರ್ಷದ್ದು ಮುಗೀತು ಅಂದ್ರೆ ತಾಯಿ ಕಾರ್ಡು ಬೀರು ಸೇರಿಬಿಡುತ್ತೆ, ಆಮೇಲೆ ಮೂರ್ನಾಲ್ಕು ವರ್ಷ ಈ ಸೂಜಿ ಇಲ್ಲದೇ ಕಳೆಯುತ್ತಲ್ಲ, ಅಷ್ಟರಲ್ಲಿ ಎಲ್ಲಾ ಮುಗಿದಿದೆ ಅಂತಾನೇ ಅಂದ್ಕೊಂಡಿರ್ತೀವಿ.

ನನ್ನ ಮಗಳಿಗೆ ಈಗ ಐದು ತುಂಬಿದೆ. ಮನೇಲಿ ಹಿರಿಯರು ಚಿಕ್ಕೋಳಿದ್ದಾಗ ಎಲ್ಲಾ ಹಾಕ್ಸಿದ್ದೀವಲ್ಲ, ಮತ್ಯಾಕೆ ಮಗೂನ ನೋಯಿಸ್ತೀರಿ ಅಂದ್ರು. ಅವರ ಸಂಕಟ ನಂಗೆ ಅರ್ಥ ಆಗುತ್ತೆ, ಡಿಪಿಟಿ ಹಾಕ್ಸಿದ ರಾತ್ರಿ ಜ್ವರ ಬರೋದು, ಚುಚ್ಚಿದ ಜಾಗ ಊದ್ಕೊಳ್ಳೋದು ಇದ್ದದ್ದೇ, ಒಂದೆರಡು ದಿನದಲ್ಲಿ ಇಳಿಯುತ್ತೆ. ಆದ್ರೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಲ್ಲಿ ಪೆಂಟಾ ಲಸಿಕೆ (ಇದರಲ್ಲಿ ಡಿಪಿಟಿನೂ ಸೇರಿರುತ್ತೆ) ಕೊಟ್ಟ ರಕ್ಷಣೆ ವರ್ಷ ಕಳೆದ ಹಾಗೆ ಕಮ್ಮಿ ಆಗ್ತಾ ಬರುತ್ತೆ, ಅದಕ್ಕೇ 16ರಿಂದ 24 ತಿಂಗಳೊಳಗೆ ಒಂದು, 5ರಿಂದ 6 ವರ್ಷದೊಳಗೆ ಇನ್ನೊಂದು ಇಟ್ಟಿರೋದು. ಗಂಟಲಮಾರಿ ಈಗ ಹಳೇ ಕಾಲದ ಕಾಯಿಲೆ ಅನ್ನೋರಿಗೆ ಹೇಳ್ತೀನಿ, 2011ರಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲೇ ಬಂದಿತ್ತು, 2016ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಹೈಸ್ಕೂಲ್ ವಯಸ್ಸಿನ ಮಕ್ಕಳು ತೀರಿಕೊಂಡ್ರು. ಗಂಟಲಲ್ಲಿ ಬೂದು ಪೊರೆ ಕಟ್ಟಿ ಉಸಿರಿಗೇ ಅಡ್ಡ ಬರುತ್ತೆ, ಅದರ ವಿಷ ಹೃದಯಕ್ಕೆ ಹೋಗುತ್ತೆ, ಆ ವಿಷ ತಡೆಯೋಕೆ ಕೊಡೋ ಆಂಟಿಟಾಕ್ಸಿನ್ ಔಷಧಿ ಎಲ್ಲಾ ಆಸ್ಪತ್ರೇಲೂ ಇಟ್ಟಿರಲ್ಲ. ಅದನ್ನ ನೆನೆಸ್ಕೊಂಡ್ರೆ ಒಂದು ರಾತ್ರಿ ಜ್ವರ ನೋಡ್ಕೊಳ್ಳೋಕೆ ನಾನು ರೆಡಿ.

ಇನ್ನು ಪ್ರೈವೇಟಲ್ಲಿ ಸಿಗೋ ಪೇನ್‌ಲೆಸ್ ಲಸಿಕೆ ಒಳ್ಳೇದಾ, ಸರ್ಕಾರಿದು ಒಳ್ಳೇದಾ ಅಂತ ತಲೆ ಕೆಡಿಸ್ಕೊಂಡು ತಿಂಗಳುಗಟ್ಟಲೆ ಮುಂದೂಡೋರೂ ಇದ್ದಾರೆ. ಪೇನ್‌ಲೆಸ್‌ನಲ್ಲಿ ಜ್ವರ, ನೋವು ಕಮ್ಮಿ ನಿಜ, ದುಡ್ಡು ಜಾಸ್ತಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫ್ರೀಯಾಗಿ ಹಾಕೋದು ಯಾವ ರೀತೀಲೂ ಕೀಳಲ್ಲ, ನಾವು ಅಲ್ಲೇ ಹಾಕ್ಸೋದು ಅಂತ ತೀರ್ಮಾನ ಮಾಡಿದೀವಿ. ಹಿಂದಿನ ಡೋಸ್‌ಗೆ ಮಗೂಗೆ ಜೋರಾಗಿ ಅಲರ್ಜಿ ಆಗಿದ್ರೆ, ಫಿಟ್ಸ್ ಬರ್ತಿದ್ರೆ ಮಾತ್ರ ಮೊದಲೇ ಡಾಕ್ಟ್ರಿಗೆ ಹೇಳಿ. ತಡ ಆಗಿದ್ರೂ ಹೋಗಿ ಕೇಳಿ, ಮೊದಲಿಂದ ಶುರು ಮಾಡೋ ಹಾಗೇನಿಲ್ಲ, ಏಳು ದಾಟಿದ ಮಕ್ಕಳಿಗೆ ಡಿಪಿಟಿ ಬದಲು ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೆ ಮಾತ್ರ ಇರೋ ಲಸಿಕೆ) ಕೊಡ್ತಾರೆ.

ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ಅಡ್ಮಿಷನ್ ಟೈಮಲ್ಲಿ ಆಧಾರ್, ಜನನ ಪ್ರಮಾಣಪತ್ರದ ಜೊತೆ ಲಸಿಕೆ ಕಾರ್ಡನ್ನೂ ಎಲ್ಲಾ ಶಾಲೇಲಿ ನೋಡ್ಲಿ. ಹಾಕಿಸಿಲ್ಲ ಅಂತ ಯಾವ ಮಗೂನೂ ವಾಪಸ್ ಕಳಿಸೋದು ಬೇಡ, ಆ ಹೆಸರುಗಳನ್ನ ಆ ಏರಿಯಾದ ಆಶಾ ಕಾರ್ಯಕರ್ತೆಗೆ ಕೊಟ್ರೆ ಸಾಕು. 10 ಮತ್ತು 16 ವರ್ಷದ ಟಿಡಿಗೂ ಹೀಗೇ ಮಾಡಬಹುದು.

– ಒಬ್ಬ ತಾಯಿ, ದಾವಣಗೆರೆ