ಹೊಲಿಗೆ ಬಿಚ್ಚಿದ ಮೇಲಿನದ್ದೂ ಹೇಳಿ

ಮಾನ್ಯರೇ,

ಹೆಂಗಸರ ಗುದನಾಳದ ಕ್ಯಾನ್ಸರಿಗೆ ರೋಬೋಟ್ ಶಸ್ತ್ರಚಿಕಿತ್ಸೆ ಎಂದರೆ ಗಾಯ ಚಿಕ್ಕದು, ಬೇಗ ಮನೆ ಎನ್ನುವುದಷ್ಟೇ ಸುದ್ದಿ. ಕೊಯ್ಯುವುದು ವೈದ್ಯರೇ, ರೋಬೋಟ್ ಅವರ ಕೈಗೆ ಸಿಕ್ಕ ಸಲಕರಣೆ. ಮೂತ್ರಕೋಶ, ಯೋನಿಗೆ ಹೋಗುವ ನರಗಳು ಅದರ ಕ್ಯಾಮೆರಾದಲ್ಲಿ ದೊಡ್ಡದಾಗಿ ಕಾಣುತ್ತವೆ, ನಿಜ. ಆದರೂ 2017ರಲ್ಲಿ ಪ್ರಕಟವಾದ, 471 ರೋಗಿಗಳ ರೋಲಾರ್ ಅಧ್ಯಯನದಲ್ಲಿ ಮೂತ್ರ, ಲೈಂಗಿಕ ತೊಂದರೆಗಳ ಮಟ್ಟಿಗೆ ಲ್ಯಾಪರೋಸ್ಕೋಪಿಗಿಂತ (ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ, ರೋಬೋಟ್ ಇಲ್ಲದೆ ಮಾಡುವ ಶಸ್ತ್ರಚಿಕಿತ್ಸೆ) ರೋಬೋಟ್ ಮೇಲೆಂದು ಸಾಬೀತಾಗಲಿಲ್ಲ.

ಮಲ ಹಿಡಿದಿಡುವ ಜಾಗವನ್ನೇ ತೆಗೆದ ಮೇಲೆ ಯಾವ ಯಂತ್ರವೂ ಅದನ್ನು ಮರಳಿ ಕೊಡದು. ಕೆಲವರು ಒಂದೇ ಗಂಟೆಯಲ್ಲಿ ನಾಲ್ಕು ಸಲ ಶೌಚಕ್ಕೆ ಹೋಗಬೇಕು, ತಡೆಯಲಾಗದು. ಆಗುಂಬೆ ಘಾಟಿಯ ಬಸ್ಸಿನಲ್ಲಿ ಕೂತವರ ಪಾಡು ಊಹಿಸಿ! ವೈದ್ಯರನ್ನು ಕೇಳಿ ಊಟಕ್ಕೆ ಅರ್ಧ ಗಂಟೆ ಮೊದಲು ಭೇದಿ ತಡೆಯುವ ಲೋಪರಮೈಡ್ ಮಾತ್ರೆ, ಜೊತೆಗೆ ಇಸಬ್‌ಗೋಲ್. ಹಲಸು, ಖಾರದ ಸಾರು ಸ್ವಲ್ಪ ದಿನ ದೂರ. ಗುದದ ಸ್ನಾಯುವನ್ನು ಐದು ಸೆಕೆಂಡು ಬಿಗಿಹಿಡಿದು ಬಿಡುವುದು, ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಿ ತಿಣುಕಿದರೆ ಉಲ್ಟಾ ಪರಿಣಾಮ.

ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯೂ ಆಗಿದ್ದರೆ ಯೋನಿ ಒಣಗಿ ಕಿರಿದಾಗಬಹುದು, ಮುಟ್ಟೂ ನಿಲ್ಲಬಹುದು. ಯೋನಿಯನ್ನು ಮೆಲ್ಲನೆ ಹಿಗ್ಗಿಸುವ ಡೈಲೇಟರ್, ಜಾರುಕ ಜೆಲ್ ಎಂಬವು ಇವೆ. ಹೆಂಗಸರು ನಾಚಿಕೆಯಿಂದ ಕೇಳುವುದಿಲ್ಲ. ಹಾಗಾಗಿ ವೈದ್ಯರೇ ಮೊದಲು ಬಾಯಿಬಿಡಲಿ, ಅದೂ ಆಪರೇಷನ್ನಿಗೆ ಮುಂಚೆ.

– ಇಬ್ಬರು ಶುಶ್ರೂಷಕಿಯರು, ತೀರ್ಥಹಳ್ಳಿ