ಅದು ಧೂಳಲ್ಲ ಸ್ವಾಮಿ, ಬೂಷ್ಟು!

ಮಾನ್ಯ ಸಂಪಾದಕರೇ,

ನಮ್ಮ ಕಲಬುರಗಿಯ ಸರ್ಕಾರಿ ಕಚೇರಿಯ ದಾಖಲೆ ಕೊಠಡಿಯ ಸಿಬ್ಬಂದಿಗೆ ಕೆಮ್ಮು ಹತ್ತಿದ ಬಗ್ಗೆ ನೀವು ಪ್ರಕಟಿಸಿದ ವರದಿಗೆ ಅಧಿಕಾರಿಗಳು ಕೊಟ್ಟಿರುವ ಸಮಜಾಯಿಷಿ ಓದಿ ಮೈ ಉರಿಯಿತು. ‘ಹಳೆಯ ಕಡತಗಳ ಧೂಳು ಅಷ್ಟೆ, ಸದ್ಯದಲ್ಲೇ ಬಣ್ಣ ಬಳಿಸುತ್ತೇವೆ’ ಎಂದಿದ್ದಾರೆ. ಆ ‘ಧೂಳ’ನ್ನು ನಾನು ಸೋಮವಾರವಷ್ಟೇ ಮೂಗಿನ ತುಂಬ ಎಳೆದುಕೊಂಡು ಬಂದಿದ್ದೇನೆ.

ತಂದೆಯವರ ಕಾಲದ ಹೊಲದ ಕಾಗದದ ನಕಲು ಬೇಕಿತ್ತು. ಎಂದಿನಂತೆ ಸರ್ವರ್ ಇಲ್ಲ, ಸಾಹೇಬರು ಸಭೆಯಲ್ಲಿ, ಕೀಲಿ ಇಟ್ಟುಕೊಂಡವರು ಚಹಾ ಕುಡಿಯಲು. ಕೊನೆಗೂ ಬಾಗಿಲು ತೆಗೆದಾಗ ಮಳೆಯಲ್ಲಿ ನೆನೆದು ಒಣಗದ ಗೋಣಿಚೀಲದಂಥ ವಾಸನೆ. ಗುಮಾಸ್ತರು ಕೆಂಪು ಬಟ್ಟೆಯ ಗಂಟನ್ನು ನನ್ನ ಮುಖದೆದುರೇ ಟೇಬಲ್ಲಿಗೆ ಕುಟ್ಟಿದರು. ಎದ್ದದ್ದು ಹಸಿರು ಮಿಶ್ರಿತ ಬೂದು ಪುಡಿ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಸರ್ವೆ ನಂಬರ್ ಇರಬೇಕಾದ ಕಡೆಯೇ ಕಪ್ಪು ಚುಕ್ಕೆಗಳ ಜಾತ್ರೆ.

ಅಂದು ರಾತ್ರಿಯಿಡೀ ಉಬ್ಬಸ. ಅಪರಾತ್ರಿಯಲ್ಲಿ ಆಟೊ ಹುಡುಕಬೇಕಾಯಿತು, ನೆಬ್ಯುಲೈಸರ್ ಹಾಕಿಸಿಕೊಳ್ಳಬೇಕಾಯಿತು, ಮರುದಿನ ಸೇಡಂನಲ್ಲಿದ್ದ ಮೊಮ್ಮಗಳ ನಾಮಕರಣವೂ ತಪ್ಪಿತು. ಇಷ್ಟೆಲ್ಲ ಆದ ಮೇಲೆ ನಕಲಾದರೂ ಸಿಕ್ಕಿತೇ? ‘ದಾಖಲೆ ಓದಲು ಬರುವುದಿಲ್ಲ’ ಎಂಬ ಹಿಂಬರಹ ಸಿಕ್ಕಿತು. ಅದಕ್ಕೂ ಶುಲ್ಕ ಕಟ್ಟಿದ್ದೇನೆ.

ಕಲಬುರಗಿಯ ಬಿಸಿಲಿಗೆ ಬೂಷ್ಟೇ ಎಂದು ನಗುವವರಿದ್ದಾರೆ. ಬೂಷ್ಟಿಗೆ ಬಿಸಿಲು ಮಳೆಯ ಲೆಕ್ಕವಿಲ್ಲ. ಗೋಡೆಯಲ್ಲಿ ತೇವ, ತಿನ್ನಲು ಕಾಗದವೋ ರಟ್ಟೋ ಪ್ಲೈವುಡ್ಡೋ ಇದ್ದರೆ ಸಾಕು. ನೆನೆದದ್ದು ಒಂದೆರಡು ದಿನದಲ್ಲಿ ಒಣಗದಿದ್ದರೆ ಬೇರೂರಿಬಿಡುತ್ತದೆ. ಇಲ್ಲಂತೂ ಸತ್ಕಾರಕ್ಕೆ ಕೊರತೆಯಿಲ್ಲ: ಶಹಾಬಾದ್ ಕಲ್ಲಿನ ಮಾಳಿಗೆಯ ಸಂದುಗಳಲ್ಲಿ ಮಳೆನೀರು, ಗೋಡೆಯಲ್ಲಿ ಬೇರು ಬಿಟ್ಟ ಅರಳಿ ಸಸಿ, ಬೇಸಿಗೆ ಕಳೆದರೂ ನೀರು ಖಾಲಿ ಮಾಡದೆ ಬಿಟ್ಟ ಕೂಲರ್. ಅದರ ಹುಲ್ಲಿನ ಪ್ಯಾಡೇ ಬೂಷ್ಟಿನ ತೋಟ. ಫ್ಯಾನ್ ಹಾಕಿದೊಡನೆ ಕೊಠಡಿಗೆಲ್ಲ ಬಿತ್ತನೆ. ಸಾಹೇಬರ ಕೋಣೆಯ ಎ.ಸಿ.ಯ ನೀರು ಹೋಗುವ ಪೈಪನ್ನೂ ಇದೇ ಗೋಡೆಗೆ ಬಿಟ್ಟಿದ್ದಾರೆ. ಅವರಿಗೆ ತಂಪು, ಕಡತಗಳಿಗೆ ತೀರ್ಥ!

ಗಾಳಿಯಲ್ಲಿ ತೇಲುವ ಬೂಷ್ಟಿನ ಬೀಜಕಣಗಳು ಕಣ್ಣಿಗೆ ಕಾಣುವುದಿಲ್ಲ. ಆಸ್ಪರ್ಜಿಲಸ್ ಎಂಬ ಜಾತಿಯ ಬೂಷ್ಟಿನ ಕೆಲವು ಕಣಗಳು 2–3 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು) ಮಾತ್ರ, ಹಾಗಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಸೀನು, ಕಣ್ಣುರಿ ಸಾಮಾನ್ಯ. ಅಸ್ತಮಾ ಇದ್ದವರಿಗೆ ಉಬ್ಬಸ ಕೆರಳುತ್ತದೆ. ಕೀಮೋಥೆರಪಿ ಮಾಡಿಸಿಕೊಳ್ಳುತ್ತಿರುವಂಥ ದುರ್ಬಲರಿಗೆ ಸೋಂಕೇ ತಗಲಬಹುದು. 2021ರಲ್ಲಿ ಎಲ್ಲರನ್ನೂ ನಡುಗಿಸಿದ ‘ಕಪ್ಪು ಶಿಲೀಂಧ್ರ’ ಬೇರೆ, ಗೋಡೆಯ ಈ ಕಪ್ಪು ಬೇರೆ, ವೃಥಾ ಗಾಬರಿ ಬೇಡ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಕಟ್ಟಡಗಳ ತೇವ ಮತ್ತು ಬೂಷ್ಟಿನ ಕುರಿತು 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮವರ ಟಪಾಲು ಇನ್ನೂ ತಲುಪಿಲ್ಲವೆಂದು ಕಾಣುತ್ತದೆ. ಸೋರಿಕೆ ನಿಲ್ಲಿಸದೆ ಮೇಲೆ ಬಣ್ಣ ಬಳಿದರೆ ಬೂಷ್ಟು ಬಣ್ಣವನ್ನೇ ಸೀಳಿಕೊಂಡು ಬರುತ್ತದೆ. ಸತ್ತ ಬೂಷ್ಟಿಗೂ ಅಲರ್ಜಿ ತರುವ ಶಕ್ತಿ ಇರುತ್ತದೆ, ಕೆರೆದು ತೆಗೆಯಲೇಬೇಕು.

ಬಣ್ಣವೆಂದರೆ ಇವರಿಗೆ ಸಕಲ ರೋಗಕ್ಕೂ ಮದ್ದು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂದರೆ ಕಾಂಪೌಂಡಿಗೆ ಬಣ್ಣ, ಮಂತ್ರಿಗಳು ಬರುವ ರಸ್ತೆಗೆ ಡಾಂಬರು. ನಮ್ಮ ಓಣಿಯಲ್ಲಿ ನೀರಿನ ಪೈಪಿಗೆಂದು ಅಗೆದ ಗುಂಡಿ ಹಾಗೆಯೇ ಇದೆ, ಪೈಪು ಬಂದಿದೆ, ನೀರು ಬಂದಿಲ್ಲ. ಬೀದಿದೀಪದ ಅರ್ಜಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದಿತ್ತು. ಆ ಕಡತಕ್ಕೂ ಬೂಷ್ಟು ಹತ್ತಿರಬೇಕು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಮಾಳಿಗೆ ಮಾತ್ರ ಹಳೆಯ ಹೆಸರಿನಲ್ಲೇ ಸೋರುತ್ತಿದೆ.

ಸಂಬಂಧಪಟ್ಟವರು ಕೂಡಲೇ ಮಾಳಿಗೆ ದುರಸ್ತಿ ಮಾಡಿಸಲಿ, ಇಲ್ಲವೇ ಆ ಕೊಠಡಿಗೆ ಬೀಗ ಜಡಿಯಲಿ. ನನ್ನ ನಕಲನ್ನೂ ಕೊಡಿಸಲಿ, ಓಣಿಯ ಗುಂಡಿಯನ್ನೂ ಮುಚ್ಚಿಸಲಿ. ಇದಾವುದೂ ಕೈಲಾಗದಿದ್ದರೆ, ಧೂಳು ಎಂದು ಹೇಳಿಕೆ ಕೊಟ್ಟ ಸಾಹೇಬರು ತಮ್ಮ ಕುರ್ಚಿಯನ್ನು ಅಲ್ಲಿಗೇ ಹಾಕಿಸಿಕೊಂಡು ಒಂದು ವಾರ ಕೂತು ತೋರಿಸಲಿ. ಸಂಬಳ ಎಣಿಸಿಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಉಬ್ಬಸ ಪೀಡಿತ ನಿವೃತ್ತ ಶಿಕ್ಷಕ, ಕಲಬುರಗಿ